ಹಳೇ ಫೋನು, ಹೊಸ ಸಿಮ್: ಬೀಗ ಯಾರ ಕೈಯಲ್ಲಿದೆ?

ಅಮೆರಿಕದಲ್ಲಿರುವ ಮಗ ಹೊಸ ಐಫೋನ್ ಕೊಂಡು, ಹಳೆಯದನ್ನು ರಜೆಗೆ ಊರಿಗೆ ಬಂದಾಗ ಅಪ್ಪನ ಕೈಗಿಟ್ಟು ಹೋಗುತ್ತಾನೆ. ಫೋನು ಹೊಚ್ಚಹೊಸದರಂತಿದೆ, ಗಾಜಿನ ಮೇಲೆ ಒಂದು ಗೀರಿಲ್ಲ. ಆದರೆ ಇಲ್ಲಿನ ಸಿಮ್ ತೂರಿಸಿದ ಕೂಡಲೇ ‘ಸಿಮ್ ನಾಟ್ ಸಪೋರ್ಟೆಡ್’ ಎನ್ನುತ್ತದೆ. ವೈಫೈ ಇದ್ದರೆ ಯೂಟ್ಯೂಬ್ ನೋಡಬಹುದು, ಯಾರಿಗೂ ಕರೆ ಮಾಡುವಂತಿಲ್ಲ. ಪೇಟೆಯ ಮೊಬೈಲ್ ಅಂಗಡಿಗೆ ಒಯ್ದರೆ ಉತ್ತರ ಸಿದ್ಧವಾಗಿರುತ್ತದೆ: “ಲಾಕ್ ಆಗಿದೆ ಸಾರ್. ಬಿಟ್ಟು ಹೋಗಿ, ಸಂಜೆಗೆ ಓಪನ್ ಮಾಡಿಸಿಡ್ತೀವಿ.”

ಬಿಟ್ಟು ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಬೇಕು: ಯಾವ ಲಾಕ್? ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಇರಬಹುದಾದ ಬೀಗ ಒಂದಲ್ಲ, ಕಡಿಮೆಯೆಂದರೆ ನಾಲ್ಕು. ಒಂದೊಂದನ್ನು ಹಾಕಿದವರು ಒಬ್ಬೊಬ್ಬರು. ಹಾಕಿದವರೇ ತೆಗೆದರೆ ಮಾತ್ರ ಅದು ನಿಜವಾಗಿ ಹೋಗುತ್ತದೆ. ಮಿಕ್ಕವರು ಮಾಡುವುದೆಲ್ಲ ಆ ಹೊತ್ತಿಗೆ ನಿಭಾಯಿಸುವ ಉಪಾಯ. ಇದೊಂದು ತಿಳಿದಿದ್ದರೆ ಅರ್ಧ ದುಡ್ಡು ಉಳಿಯುತ್ತದೆ, ಕೆಲವೊಮ್ಮೆ ಪೂರ್ತಿ ಫೋನೇ ಉಳಿಯುತ್ತದೆ.

ಕಂಪನಿ ಬೀಗ ಹಾಕುವುದೇಕೆ

ಅಮೆರಿಕದಲ್ಲಿ ಫೋನನ್ನು ಹೆಚ್ಚಿನವರು ಅಂಗಡಿಯಲ್ಲಿ ಪೂರ್ತಿ ದುಡ್ಡು ಎಣಿಸಿ ಕೊಳ್ಳುವುದಿಲ್ಲ. ಎಟಿ ಅಂಡ್ ಟಿ, ಟಿ-ಮೊಬೈಲ್, ವೆರೈಸನ್‌ನಂಥ ಸೇವಾ ಕಂಪನಿಗಳೇ ಕಂತಿನ ಮೇಲೆ, ಇಲ್ಲವೇ ದೊಡ್ಡ ರಿಯಾಯಿತಿಯಲ್ಲಿ ಫೋನ್ ಕೊಟ್ಟು ಎರಡು-ಮೂರು ವರ್ಷ ಬಿಲ್ಲು ಕಟ್ಟಿಸಿಕೊಳ್ಳುತ್ತವೆ. ಗಿರಾಕಿ ಫೋನು ತೆಗೆದುಕೊಂಡು ಮರುದಿನವೇ ಬೇರೆ ಕಂಪನಿಗೆ ಹೋಗದಿರಲಿ ಎಂದು ತಮ್ಮ ಸಿಮ್ ಬಿಟ್ಟು ಬೇರೆಯದು ನಡೆಯದಂತೆ ಮಾಡಿಡುತ್ತವೆ. ಕೆನಡಾ 2017ರ ಡಿಸೆಂಬರ್‌ನಿಂದ ಇದಕ್ಕೆ ಕಡಿವಾಣ ಹಾಕಿತು. ಜಪಾನ್ ಮತ್ತು ಬ್ರಿಟನ್ 2021ರ ಕೊನೆಯ ತಿಂಗಳುಗಳಲ್ಲಿ ಅದೇ ದಾರಿ ಹಿಡಿದವು. ಅಮೆರಿಕದಲ್ಲಿ ಬೀಗದ ಪದ್ಧತಿ ಇನ್ನೂ ಇದೆ. 2014ರಲ್ಲಿ ಬಂದ ಕಾಯ್ದೆಯೊಂದು ಫೋನಿನ ಒಡೆಯ ಬೀಗ ಬಿಡಿಸಿಕೊಳ್ಳುವುದು ಅಪರಾಧವಲ್ಲ ಎಂಬಷ್ಟನ್ನು ಖಚಿತಪಡಿಸಿದೆ.

ನಮ್ಮಲ್ಲೂ ಇದು ಇರಲೇ ಇಲ್ಲವೆಂದಲ್ಲ. 2003ರ ರಿಲಯನ್ಸ್ ಸಿಡಿಎಂಎ ಫೋನು ನೆನಪಿರುವವರಿಗೆ ಗೊತ್ತು, ಆ ಹ್ಯಾಂಡ್‌ಸೆಟ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವ ಮಾತೇ ಇರಲಿಲ್ಲ. 2008ರಲ್ಲಿ ಏರ್‌ಟೆಲ್, ವೊಡಾಫೋನ್ ಮೂಲಕ ಬಂದ ಐಫೋನ್ 3ಜಿ ಕೂಡ ಕೊಂಡ ಕಂಪನಿಗೇ ಕಟ್ಟುಬಿದ್ದಿತ್ತು. ಇವತ್ತು ಇಲ್ಲಿನ ಅಂಗಡಿಗಳಲ್ಲಿ ಮಾರುವ ಸ್ಮಾರ್ಟ್‌ಫೋನುಗಳಲ್ಲಿ ಇಂಥ ಬೀಗ ಬಲು ವಿರಳ. ಹಾಗಾಗಿ ಭಾರತದಲ್ಲೇ ಬಿಲ್ ಆದ ಸ್ಮಾರ್ಟ್‌ಫೋನನ್ನು ಯಾರಾದರೂ ‘ನೆಟ್‌ವರ್ಕ್ ಲಾಕ್’ ಎಂದರೆ ಮೊದಲು ಅನುಮಾನಪಡಿ. ಅದು ಬೇರೆ ಯಾವುದೋ ಲಾಕ್ ಆಗಿರುವ ಸಾಧ್ಯತೆಯೇ ಹೆಚ್ಚು.

ಬೀಗ ಇರುವುದು ಎಲ್ಲಿ

ಪ್ರತಿ ಸಿಮ್‌ನೊಳಗೆ 15 ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ನಾವು ಡಯಲ್ ಮಾಡುವ ಮೊಬೈಲ್ ನಂಬರ್ ಅಲ್ಲ, ಅದು ಬೇರೆ. ಅದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ: ಭಾರತಕ್ಕೆ 404 ಮತ್ತು 405, ಅಮೆರಿಕಕ್ಕೆ 310ರಿಂದ ಮುಂದಿನವು. ಆಮೇಲಿನ ಎರಡು-ಮೂರು ಅಂಕಿ ಕಂಪನಿಯನ್ನು ಹೇಳುತ್ತವೆ. ಬೀಗವಿರುವ ಫೋನು ಸಿಮ್ ಕಂಡ ಕೂಡಲೇ ಈ ಅಂಕಿಗಳನ್ನು ಓದುತ್ತದೆ. ತನಗೆ ಹೇಳಿಟ್ಟ ಕಂಪನಿಯದಾದರೆ ಒಳಗೆ ಬಿಡುತ್ತದೆ, ಇಲ್ಲವಾದರೆ ಆ ಸಿಮ್ ನಡೆಯಗೊಡುವುದಿಲ್ಲ.

ಯಾವ ಕಂಪನಿಯದು ಎಂಬ ಆ ಕಟ್ಟಳೆ ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಐಫೋನಿನಲ್ಲಿ ಅದು ಆಪಲ್‌ನ ಸರ್ವರ್‌ನಲ್ಲಿ, ಆ ಫೋನಿನ ಐಎಂಇಐ, ಅಂದರೆ ಫೋನಿನದೇ ಗುರುತು ಸಂಖ್ಯೆಯ ಎದುರಿಗೆ ದಾಖಲಾಗಿರುತ್ತದೆ. ಫೋನನ್ನು ಅಳಿಸಿ ಹೊಸದಾಗಿ ಶುರು ಮಾಡಿದಾಗಲೆಲ್ಲ ಅದು ಸರ್ವರನ್ನು ಕೇಳಿಯೇ ಏಳುತ್ತದೆ. ಅದಕ್ಕೇ ಎಷ್ಟು ಸಲ ರೀಸೆಟ್ ಮಾಡಿದರೂ ಬೀಗ ಜಪ್ಪಯ್ಯ ಎನ್ನುವುದಿಲ್ಲ. ಅದೇ ಕಾರಣಕ್ಕೆ, ಕಂಪನಿ ಒಮ್ಮೆ ‘ಬಿಟ್ಟಿದ್ದೇವೆ’ ಎಂದು ಆಪಲ್‌ಗೆ ಹೇಳಿದರೆ ಆ ಬಿಡುಗಡೆ ಕಾಯಂ. ಮುಂದೆ ಎಷ್ಟು ಸಲ ಅಳಿಸಿದರೂ ಬೀಗ ಮರಳಿ ಬೀಳುವುದಿಲ್ಲ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಬೀಗ ಫೋನಿನೊಳಗೇ ಇರುತ್ತದೆ. ಹಳೆಯವು ಕಂಪನಿ ಕೊಡುವ ಒಂದು ಕೋಡ್ ಕೇಳುತ್ತವೆ. ಈಚಿನ ಹಲವು ಫೋನುಗಳು ಕೋಡ್ ಕೇಳುವುದಿಲ್ಲ, ಸೆಟ್ಟಿಂಗ್ಸ್ ಮೂಲಕ ಕಂಪನಿಯ ಸರ್ವರನ್ನು ಸಂಪರ್ಕಿಸಿ ತಾವೇ ಬಿಡಿಸಿಕೊಳ್ಳುತ್ತವೆ.

ನಿಮ್ಮದು ಯಾವ ಲಾಕ್?

ಇದನ್ನು ಗುರುತಿಸಲು ಅಂಗಡಿ ಬೇಕಿಲ್ಲ. ಪರದೆಯ ಮೇಲೆ ಬಂದ ಸಾಲನ್ನು ಸಮಾಧಾನವಾಗಿ ಓದಿದರೆ ಸಾಕು.

1. ನೆಟ್‌ವರ್ಕ್ ಲಾಕ್. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಹೋಗಿ ಕೆಳಗೆ ಇಳಿಯಿರಿ. ‘ಕ್ಯಾರಿಯರ್ ಲಾಕ್’ ಎಂಬ ಸಾಲಿನ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಈ ಬೀಗ ಇಲ್ಲ. ಬೇರೇನು ಬರೆದಿದ್ದರೂ ಇದೆ ಎಂದೇ ತಿಳಿಯಿರಿ. ಆಂಡ್ರಾಯ್ಡ್‌ನಲ್ಲಿ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಪರೀಕ್ಷೆ. ‘ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್’ ಎಂದು ಕೇಳಿದರೆ ಇದೇ ಬೀಗ. ಸ್ಯಾಮ್‌ಸಂಗ್ ಆದರೆ ಮಾಡೆಲ್ ಸಂಖ್ಯೆಯ ಬಾಲವನ್ನೂ ನೋಡಿ: ಕೊನೆಗೆ ಇಂಗ್ಲಿಷಿನ ಯು ಅಕ್ಷರ ಮಾತ್ರ ಇದ್ದರೆ ಅಮೆರಿಕದ ಸೇವಾ ಕಂಪನಿಗಳಿಗಾಗಿ ಮಾಡಿದ ಫೋನು, ಯು ನಂತರ 1 ಇದ್ದರೆ ಬೀಗವಿಲ್ಲದೆ ಮಾರಿದ್ದು.

2. ಖಾತೆ ಲಾಕ್. ‘ಐಫೋನ್ ಲಾಕ್ಡ್ ಟು ಓನರ್’ ಎಂದು ಬಂದರೆ, ಅಥವಾ ರೀಸೆಟ್ ಆದ ಆಂಡ್ರಾಯ್ಡ್ ಹಿಂದಿನವರ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿದರೆ, ಸಿಮ್ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಕಳ್ಳರಿಗೆ ಫೋನು ದಕ್ಕದಿರಲಿ ಎಂದು ಆಪಲ್ 2013ರಲ್ಲೂ ಗೂಗಲ್ 2015ರಲ್ಲೂ ತಂದ ಏರ್ಪಾಡು ಇದು. ಹಿಂದಿನ ಒಡೆಯ ತನ್ನ ಖಾತೆಯನ್ನು ತೆಗೆದರೆ ಮಾತ್ರ ಹೋಗುತ್ತದೆ. ಐಫೋನ್ ಆದರೆ ಅವರು ದೂರದ ಊರಿನಲ್ಲಿದ್ದೂ ಐಕ್ಲೌಡ್ ಜಾಲತಾಣಕ್ಕೆ ಹೋಗಿ ತೆಗೆಯಬಹುದು.

3. ಸಾಲದ ಲಾಕ್. ನಮ್ಮ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವರನ್ನು ಹೆಚ್ಚು ಸತಾಯಿಸುವುದು ಇದೇ. ಇಎಂಐ ಮೇಲೆ ಕೊಂಡ ಕೆಲವು ಫೋನುಗಳಲ್ಲಿ ಸಾಲ ಕೊಟ್ಟವರ ನಿಯಂತ್ರಣ ತಂತ್ರಾಂಶ ಇರುತ್ತದೆ. ಮೊದಲ ಒಡೆಯ ನಾಲ್ಕು ಕಂತು ಕಟ್ಟಿ ನಿಮಗೆ ಮಾರಿರುತ್ತಾನೆ. ಐದನೆಯ ಕಂತು ತಪ್ಪಿದಾಗ ಪರದೆ ಪೂರ್ತಿ ಮುಚ್ಚಿಕೊಂಡು, ಬಾಕಿ ಕಟ್ಟಿ ಎಂಬ ಸೂಚನೆ ಮತ್ತು ಒಂದು ಫೋನ್ ನಂಬರ್ ಮಾತ್ರ ಉಳಿಯುತ್ತದೆ. ಫ್ಯಾಕ್ಟರಿ ರೀಸೆಟ್‌ಗೂ ಇದು ಬಗ್ಗುವುದಿಲ್ಲ. ಬಾಕಿ ತೀರಿ, ಸಾಲ ಕೊಟ್ಟವರು ಬಿಡಿಸಬೇಕು.

4. ಐಎಂಇಐ ತಡೆ. ಫೋನು ಕಳವಾಗಿದೆ ಎಂದು ಒಡೆಯ ದೂರು ಕೊಟ್ಟು, ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆಯಲ್ಲಿ ಅದರ ಐಎಂಇಐಗೆ ತಡೆ ಹಾಕಿಸಿದ್ದರೆ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವುದಿಲ್ಲ. ಇದು ಫೋನಿನ ಬೀಗವಲ್ಲ, ಜಾಲದ ಬಾಗಿಲು. ಇದನ್ನು ಬಿಡಿಸುವ ಪ್ರಯತ್ನವನ್ನೇ ಮಾಡಬೇಡಿ. ಫೋನನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದೇ ಸರಿಯಾದ ದಾರಿ. ಕದ್ದ ಮಾಲೆಂದು ಗೊತ್ತಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ.

ಐದನೆಯದೂ ಒಂದಿದೆ, ಗಲ್ಫ್‌ನಲ್ಲಿ ಜನ ಇರುವ ಕರಾವಳಿಯ ಮನೆಗಳವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಸ್ಯಾಮ್‌ಸಂಗ್‌ನ ಕೆಲವು ಫೋನುಗಳು ಮಾರಾಟವಾದ ಪ್ರದೇಶದ ಸಿಮ್‌ನಲ್ಲಿ ಮೊದಲೊಮ್ಮೆ ಐದು ನಿಮಿಷ ಕರೆ ಮಾಡಿದ ಮೇಲಷ್ಟೇ ಹೊರಗಿನ ಸಿಮ್ ಒಪ್ಪುತ್ತವೆ. ಡಬ್ಬಿಯ ಮೇಲಿನ ಸ್ಟಿಕರಿನಲ್ಲೇ ಇದನ್ನು ಬರೆದಿರುತ್ತಾರೆ. ದುಬೈನಿಂದ ಸೀಲು ಒಡೆಯದ ಡಬ್ಬಿ ತರುವವರು ಅಲ್ಲೇ ಒಡೆದು, ಅಲ್ಲಿನ ಸಿಮ್ ಹಾಕಿ, ಮನೆಗೊಂದು ಕರೆ ಮಾಡಿ ಹರಟೆ ಹೊಡೆದು ಬಂದರೆ ಮುಗಿಯಿತು. ಸೀಲಿನ ಮೇಲೆ ಅಷ್ಟು ಮಮಕಾರ ಬೇಡ.

ಅಮೆರಿಕದ ಬೀಗ ಬಿಡಿಸುವ ಕ್ರಮ

ನಿಮ್ಮದು ಮೊದಲನೆಯ ಬಗೆಯದು ಎಂದಾದರೆ ಕೆಲಸ ಆಗಬೇಕಾದದ್ದು ಇಲ್ಲಲ್ಲ, ಅಲ್ಲಿ. ಒಳ್ಳೆಯ ಸುದ್ದಿಯೆಂದರೆ ಅಲ್ಲಿನ ದೊಡ್ಡ ಕಂಪನಿಗಳು ಷರತ್ತು ಪೂರೈಸಿದ ಫೋನನ್ನು ದುಡ್ಡಿಲ್ಲದೆ ಬಿಡಿಸುತ್ತವೆ.

1. ಫೋನಿನ ಐಎಂಇಐ ತೆಗೆಯಿರಿ. *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಒಂದಕ್ಕಿಂತ ಹೆಚ್ಚು ಬಂದರೆ ಎಲ್ಲವನ್ನೂ ಫೋಟೊ ತೆಗೆದಿಡಿ. ಕೈಯಲ್ಲಿ ಬರೆದುಕೊಳ್ಳಲು ಹೋಗಬೇಡಿ. 15 ಅಂಕಿಗಳಲ್ಲಿ ಒಂದು ಹೆಚ್ಚುಕಡಿಮೆಯಾದರೂ ಅರ್ಜಿ ತಿರಸ್ಕೃತ.

2. ಫೋನು ಮೂಲದಲ್ಲಿ ಯಾವ ಕಂಪನಿಯದು ಎಂದು ಕೊಟ್ಟವರನ್ನೇ ಕೇಳಿ. ಅವರು ಈಗ ಯಾವ ಕಂಪನಿಯ ಗಿರಾಕಿ ಎಂಬುದು ಮುಖ್ಯವಲ್ಲ, ಫೋನು ಕೊಂಡಾಗ ಯಾರಿಂದ ಕೊಂಡರು ಎಂಬುದು ಮುಖ್ಯ.

3. ಕಂತು ಪೂರ್ತಿ ತೀರಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಇಲ್ಲಿ ಸ್ವಲ್ಪ ಸಂಕೋಚ ಆಗುತ್ತದೆ, ಉಡುಗೊರೆ ಕೊಟ್ಟವರನ್ನು ಬಾಕಿ ಇದೆಯಾ ಎಂದು ಕೇಳುವುದು ಹೇಗೆ ಎಂದು. ಆದರೂ ಕೇಳಿ. 36 ತಿಂಗಳ ಕಂತಿನಲ್ಲಿ ಕೊಂಡವರಿಗೆ ತಮ್ಮದು ಇನ್ನೂ ಮುಗಿದಿಲ್ಲ ಎಂಬುದು ಎಷ್ಟೋ ಸಲ ನೆನಪೇ ಇರುವುದಿಲ್ಲ, ತಿಂಗಳ ಬಿಲ್ಲಿನೊಳಗೆ ಅದು ಕರಗಿಹೋಗಿರುತ್ತದೆ. ಬಾಕಿ ಒಂದು ಡಾಲರ್ ಇದ್ದರೂ ಬೀಗ ತೆಗೆಯುವುದಿಲ್ಲ.

4. ಅರ್ಜಿ ಹಾಕಿಸಿ. ಎಟಿ ಅಂಡ್ ಟಿಯ ಅನ್‌ಲಾಕ್ ಪುಟದಲ್ಲಿ ಈಗ ಆ ಕಂಪನಿಯ ಗಿರಾಕಿ ಅಲ್ಲದವರೂ ಅರ್ಜಿ ಹಾಕಬಹುದು, ಅಂದರೆ ನೀವು ಇಲ್ಲಿಂದಲೇ ಹಾಕಬಹುದು. ಫೋನು ಅವರ ಜಾಲದಲ್ಲಿ 60 ದಿನ ನಡೆದಿರಬೇಕು, ಬಾಕಿ ಇರಬಾರದು, ಕಳವಿನ ದೂರು ಇರಬಾರದು. ಅರ್ಜಿಯ ಬಳಿಕ ಒಂದು ಇಮೇಲ್ ಬರುತ್ತದೆ. ಅದರೊಳಗಿನ ಕೊಂಡಿಯನ್ನು 24 ಗಂಟೆಯೊಳಗೆ ಒತ್ತಿ ದೃಢಪಡಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಅಲ್ಲಿನ ಹಗಲು ನಮಗೆ ರಾತ್ರಿ, ಜೊತೆಗೆ ಆ ಪತ್ರ ಸ್ಪ್ಯಾಮ್‌ಗೆ ಹೋಗಿ ಕೂತಿರುವುದೂ ಉಂಟು. ಟಿ-ಮೊಬೈಲ್‌ನಲ್ಲಿ ಪೋಸ್ಟ್‌ಪೇಯ್ಡ್ ಫೋನು 40 ದಿನ ನಡೆದಿರಬೇಕು, ಮತ್ತು ಖಾತೆದಾರರೇ ಕೇಳಬೇಕು, ನೀವು ಕೇಳಿದರೆ ಆಗದು. ವೆರೈಸನ್‌ನಲ್ಲಿ 2019ರಿಂದ ಕೆಲವು ವರ್ಷ 60 ದಿನ ಕಳೆದ ಮೇಲೆ ಬೀಗ ತಾನಾಗಿಯೇ ಬಿಡುತ್ತಿತ್ತು. ಈ ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಫೋನು ಕೊಂಡ ದಿನಕ್ಕೆ ಯಾವುದು ಅನ್ವಯಿಸುತ್ತದೆ ಎಂದು ಅವರ ಗ್ರಾಹಕ ಸೇವೆಯಲ್ಲೇ ಕೇಳಿಸಿ. ಪ್ರೀಪೇಯ್ಡ್ ಫೋನುಗಳಿಗೆ ಕಾಯುವ ಕಾಲ ಹೆಚ್ಚು, ಕೆಲವಕ್ಕೆ ಆರು ತಿಂಗಳು, ಕೆಲವಕ್ಕೆ ಒಂದು ವರ್ಷ. ಅಲ್ಲಿ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವ ಫೋನುಗಳು ಬಹುಪಾಲು ಈ ಜಾತಿಯವೇ.

5. ‘ಬಿಟ್ಟಿದ್ದೇವೆ’ ಎಂಬ ಸಂದೇಶ ಬಂದ ಮೇಲೆ ಐಫೋನ್ ಆದರೆ ವೈಫೈಗೆ ಜೋಡಿಸಿ ಇಲ್ಲಿನ ಸಿಮ್ ಹಾಕಿ. ಕ್ಯಾರಿಯರ್ ಲಾಕ್ ಸಾಲು ಬದಲಾಗಿದೆಯೇ ನೋಡಿ. ಬದಲಾಗಿರದಿದ್ದರೆ ಬ್ಯಾಕಪ್ ತೆಗೆದು, ಫೋನನ್ನು ಪೂರ್ತಿ ಅಳಿಸಿ ಮತ್ತೆ ಶುರು ಮಾಡಿ. ಆಗ ಅದು ಸರ್ವರನ್ನು ಹೊಸದಾಗಿ ಕೇಳುತ್ತದೆ. ಅಳಿಸುವ ಮುಂಚೆ ಹಿಂದಿನವರ ಆಪಲ್ ಖಾತೆ ಅದರಲ್ಲಿ ಉಳಿದಿಲ್ಲವೆಂದು ನೋಡಿಕೊಳ್ಳಿ. ಇಲ್ಲವಾದರೆ ಮೊದಲನೆಯ ಬೀಗ ಬಿಡಿಸಲು ಹೋಗಿ ಎರಡನೆಯದಕ್ಕೆ ಸಿಕ್ಕಿಕೊಳ್ಳುತ್ತೀರಿ. ಸ್ಯಾಮ್‌ಸಂಗ್‌ನ ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಕನೆಕ್ಷನ್ಸ್ ಭಾಗದೊಳಗೇ ‘ನೆಟ್‌ವರ್ಕ್ ಅನ್‌ಲಾಕ್’ ಎಂಬ ಆಯ್ಕೆ ಸಿಗುತ್ತದೆ. ಕೋಡ್ ಕೇಳುವ ಫೋನಾದರೆ ಕಂಪನಿ ಕಳಿಸಿದ ಅಂಕಿಗಳನ್ನು ಹಾಕಿ. ಊಹಿಸಿ ಹಾಕಬೇಡಿ: ತಪ್ಪು ಕೋಡಿಗೆ ಮಿತಿಯಿದೆ, ಅದು ಮುಗಿದರೆ ಆ ಪೆಟ್ಟಿಗೆಯೇ ಮುಚ್ಚಿಹೋಗುತ್ತದೆ.

ಈ ಇಡೀ ಕೆಲಸಕ್ಕೆ ಸರಿಯಾದ ಹೊತ್ತು ಮಗ ವಿಮಾನ ಹತ್ತುವ ಮುಂಚಿನ ವಾರ. “ಫೋನ್ ತರ್ತಿದೀಯಲ್ಲ, ಅಬೌಟ್‌ನಲ್ಲಿ ಕ್ಯಾರಿಯರ್ ಲಾಕ್ ಏನಂತಿದೆ ಫೋಟೊ ತೆಗೆದು ಕಳಿಸು” ಎಂದು ಒಂದು ವಾಟ್ಸ್‌ಆ್ಯಪ್ ಸಂದೇಶ ಸಾಕು.

ಬೀಗ ಬಿಟ್ಟರೂ ಕರೆ ಹೋಗದಿದ್ದರೆ

ಬೀಗ ಬಿಡುವುದಕ್ಕೂ ಫೋನು ನಮ್ಮ ಜಾಲಕ್ಕೆ ಹೊಂದುವುದಕ್ಕೂ ವ್ಯತ್ಯಾಸವಿದೆ. ಪ್ರತಿ ಕಂಪನಿ ಬೇರೆಬೇರೆ ತರಂಗ ಪಟ್ಟಿಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ, ಸೇವೆ ಕೊಡುತ್ತದೆ. ಜಿಯೊ 4ಜಿ ನಡೆಯುವುದು ಬ್ಯಾಂಡ್ 3, 5 ಮತ್ತು 40ರಲ್ಲಿ. ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ ಬ್ಯಾಂಡ್ 28 ಮತ್ತು 1 ಮುಖ್ಯ. ಇದರಲ್ಲಿ 28 ಎಂದರೆ 700 ಮೆಗಾಹರ್ಟ್ಸ್, ದೂರಕ್ಕೂ ಗೋಡೆಯೊಳಕ್ಕೂ ಚೆನ್ನಾಗಿ ಹೋಗುವ ತರಂಗ. ಮಲೆನಾಡಿನ ಎಷ್ಟೋ ಕಡೆ ಮನೆಗೆ ಸಿಗುವುದು ಬಿಎಸ್‌ಎನ್‌ಎಲ್ ಒಂದೇ. ಅಂಥಲ್ಲಿಗೆ ಫೋನು ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎನ್ನುವುದಕ್ಕಿಂತ ಬ್ಯಾಂಡ್ 28 ಇದೆಯೇ ಎಂದು ಮೊದಲು ನೋಡಬೇಕು. ಐಫೋನುಗಳಲ್ಲಿ ಈ ತಾಪತ್ರಯ ಕಡಿಮೆ. ಅಮೆರಿಕಕ್ಕೆಂದೇ ಮಾಡಿದ ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಬ್ಯಾಂಡ್ 40 ಇಲ್ಲದವು ಸಿಗುತ್ತವೆ. ಮಾಡೆಲ್ ಸಂಖ್ಯೆಯನ್ನು ಬಾಲದ ಅಕ್ಷರದ ಸಮೇತ ಹುಡುಕಿ, ತಯಾರಕರ ಪುಟದಲ್ಲಿ ಬ್ಯಾಂಡ್‌ಗಳ ಪಟ್ಟಿ ಓದಿ.

ಇನ್ನೊಂದು ತೊಡಕು ವೋಲ್ಟಿ, ಅಂದರೆ 4ಜಿ ಮೇಲೆಯೇ ಕರೆ ಹೋಗುವ ಏರ್ಪಾಡು. ಇಂಟರ್‌ನೆಟ್ ಓಡುತ್ತದೆ, ವಾಟ್ಸ್‌ಆ್ಯಪ್ ಬರುತ್ತದೆ, ಸಾಮಾನ್ಯ ಕರೆ ಮಾತ್ರ ಹೋಗುವುದಿಲ್ಲ. ಜಿಯೊಗೆ 2ಜಿ, 3ಜಿ ಜಾಲವೇ ಇಲ್ಲ, ಅದರ ಕರೆಗಳೆಲ್ಲ 4ಜಿ-5ಜಿ ಮೇಲೆಯೇ ಹೋಗಬೇಕು. ವಿದೇಶಿ ಆಂಡ್ರಾಯ್ಡ್‌ನ ತಂತ್ರಾಂಶದಲ್ಲಿ ಇಲ್ಲಿನ ಕಂಪನಿಯ ವೋಲ್ಟಿ ಏರ್ಪಾಡು ಇರದಿದ್ದರೆ ಕರೆ ಹೋಗುವುದಕ್ಕೆ ದಾರಿಯೇ ಇರುವುದಿಲ್ಲ. ಏರ್‌ಟೆಲ್, ವಿಐಗಳಲ್ಲಿ ಕರೆ 2ಜಿಗೆ ಇಳಿದು ಹೇಗೋ ಹೋದೀತು. ಆದ್ದರಿಂದ ಪರೀಕ್ಷೆ ಮಾಡುವಾಗ ಟವರ್ ಗೆರೆ ಕಂಡಿತೆಂದು ನಿಲ್ಲಿಸದೆ, ಒಂದು ಕರೆ ಮಾಡಿ, ಒಂದು ಕರೆ ಬರಿಸಿ, ಒಂದು ಓಟಿಪಿ ತರಿಸಿ ನೋಡಿ.

ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ಆಮೇಲಿನವಕ್ಕೆ ಸಿಮ್ ಹಾಕುವ ಟ್ರೇಯೇ ಇಲ್ಲ. ಫೋನಿನೊಳಗೇ ಇರುವ ಇಸಿಮ್ ಒಂದೇ ಗತಿ. ಇಲ್ಲಿನ ಕಂಪನಿಗಳು ಇಸಿಮ್ ಕೊಡುತ್ತವೆ, ಅದಕ್ಕೆ ಇಐಡಿ ಎಂಬ 32 ಅಂಕಿಯ ಗುರುತು ಸಂಖ್ಯೆ ಬೇಕಾಗಬಹುದು. *#06# ಒತ್ತಿದಾಗ ಅದೂ ಕಾಣುತ್ತದೆ. ಇಸಿಮ್ ಮಾಡಿಸುವಾಗ ಬರುವ ಓಟಿಪಿ ಮತ್ತು ಕ್ಯೂಆರ್ ಚಿತ್ರವನ್ನು ‘ಕಂಪನಿಯಿಂದ ಮಾತಾಡ್ತಿದೀವಿ’ ಎನ್ನುವ ಯಾರಿಗೂ ಕೊಡಬೇಡಿ. ಅವು ಸಿಕ್ಕವರ ಕೈಗೆ ನಿಮ್ಮ ನಂಬರೇ ಹೋಗುತ್ತದೆ, ನಂಬರಿನ ಹಿಂದೆ ಬ್ಯಾಂಕ್ ಖಾತೆಯೂ ಹೋಗುತ್ತದೆ.

ಸಣ್ಣಪುಟ್ಟ ವಿದೇಶಿ ಗುಣಗಳು ಬೀಗ ಬಿಟ್ಟ ಮೇಲೂ ಉಳಿಯುತ್ತವೆ. ಜಪಾನಿನಿಂದ ಬಂದ ಐಫೋನು ಫೋಟೊ ತೆಗೆದಾಗಲೆಲ್ಲ ‘ಕ್ಲಿಕ್’ ಎಂದು ಸದ್ದು ಮಾಡೀತು, ಯುಎಇಯದ್ದರಲ್ಲಿ ಫೇಸ್‌ಟೈಮ್ ಇಲ್ಲದಿರಬಹುದು. ಅವು ದೋಷವಲ್ಲ.

ಅಡ್ಡದಾರಿಗಳು

ಅಂಗಡಿಯವರು ‘ಸಂಜೆಗೆ ಓಪನ್’ ಎಂದರೆ ಹೆಚ್ಚಾಗಿ ಅದು ಚಿಪ್. ಸಿಮ್ ಟ್ರೇ ಹೊರಗೆಳೆದು ಬೆಳಕಿಗೆ ಹಿಡಿದು ನೋಡಿ. ಸಿಮ್‌ನ ಚಿನ್ನದ ಬಣ್ಣದ ಚೌಕಗಳಿಗೆ ಅಂಟಿಕೊಂಡಂತೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಇನ್ನೊಂದು ಪದರ ಕಂಡರೆ ಅದೇ. ಸಿಮ್ ತನ್ನದು 404 ಎಂದು ಹೇಳಿದರೆ ಈ ಪದರ ಮಧ್ಯೆ ಕೂತು ಅದನ್ನು ಅಮೆರಿಕದ ಅಂಕಿಯಂತೆ ಫೋನಿಗೆ ಒಪ್ಪಿಸುತ್ತದೆ. ಬೀಗ ಇದ್ದಲ್ಲೇ ಇರುತ್ತದೆ. ಫೋನಿನ ತಂತ್ರಾಂಶ ಅಪ್‌ಡೇಟ್ ಆದ ದಿನ ಆಪಲ್ ಆ ಸಂದು ಮುಚ್ಚಿರಬಹುದು, ಆಗ ಫೋನು ಮತ್ತೆ ಮೂಕ. ಅಪ್‌ಡೇಟ್ ಮಾಡದೇ ಇಟ್ಟುಕೊಂಡರೆ ಭದ್ರತೆಯ ತೇಪೆಗಳೂ ಬರುವುದಿಲ್ಲ. ಅದೇ ಫೋನಿನಲ್ಲಿ ಯುಪಿಐ ಇಟ್ಟುಕೊಳ್ಳುವ ಧೈರ್ಯ ನನಗಂತೂ ಇಲ್ಲ. ಟ್ರೇ ಇಲ್ಲದ ಫೋನಿಗೆ ಈ ಉಪಾಯವೂ ನಡೆಯುವುದಿಲ್ಲ.

ಎರಡನೆಯದು, ಐಎಂಇಐ ಕಳಿಸಿ, ದುಡ್ಡು ಹಾಕಿ, ಬೀಗ ಬಿಡಿಸಿಕೊಡುತ್ತೇವೆ ಎನ್ನುವ ಆನ್‌ಲೈನ್ ಸೇವೆಗಳು. ಬೀಗ ತೆಗೆಯುವ ಅಧಿಕಾರ ಕಂಪನಿಗೆ ಮಾತ್ರ ಇರುವಾಗ ಇವರು ತೆಗೆಯುವುದು ಹೇಗೆ? ಅಮೆರಿಕದ ನ್ಯಾಯಾಲಯವೊಂದರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಎಟಿ ಅಂಡ್ ಟಿಯ ಕಾಲ್ ಸೆಂಟರ್ ನೌಕರರಿಗೆ ಲಂಚ ಕೊಟ್ಟು ಸುಮಾರು 19 ಲಕ್ಷ ಫೋನುಗಳ ಬೀಗ ತೆಗೆಸಿದ್ದ ಜಾಲದ ಮುಖಂಡನಿಗೆ 2021ರಲ್ಲಿ 12 ವರ್ಷ ಜೈಲಾಯಿತು. ಒಳಗಿನ ಕೈ ಇದ್ದ ಸೇವೆಯ ಕಥೆ ಇದು. ಒಳಗೆ ಕೈಯೇ ಇಲ್ಲದವರು ನಿಮ್ಮ ದುಡ್ಡು ತೆಗೆದುಕೊಂಡು ಸುಮ್ಮನಾಗುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ಐಎಂಇಐ ಬದಲಿಸಿಕೊಡುವುದು. ತಡೆ ಬಿದ್ದ ಫೋನಿಗೆ ಬೇರೆ ಸಂಖ್ಯೆ ಬರೆದು ಮಾರುವವರಿದ್ದಾರೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾವ ಕಾರಣಕ್ಕೂ ಈ ಮಾತಿಗೆ ತಲೆಯಾಡಿಸಬೇಡಿ.

ಪದೇ ಪದೇ ಆಗುವ ತಪ್ಪುಗಳು

• ಜಿಯೊಫೋನ್ ಅಥವಾ ಜಿಯೊಭಾರತ್ ಸೆಕೆಂಡ್ ಹ್ಯಾಂಡ್ ಕೊಂಡು ಬಿಎಸ್‌ಎನ್‌ಎಲ್ ಸಿಮ್ ಹಾಕಲು ಹೋಗುವುದು. ಬಟನ್ ಫೋನು, ಅಮ್ಮನಿಗೆ ಸುಲಭ ಎಂದು ತರುತ್ತಾರೆ. ಅವು ಜಿಯೊ ಸಿಮ್‌ಗೆಂದೇ ಮಾಡಿದವು; ಅಗ್ಗ ಇರುವುದೇ ಆ ಕಾರಣಕ್ಕೆ. ಬಿಡಿಸುವ ಯೋಚನೆ ಬಿಟ್ಟು ಬೇರೆ ಫೋನು ನೋಡಿ.

• ‘ಪಿನ್’ ಎಂದು ಕಂಡದ್ದೆಲ್ಲ ಒಂದೇ ಎಂದುಕೊಳ್ಳುವುದು. ಸಿಮ್‌ನ ಪಿನ್ ತಪ್ಪಿದಾಗ ಕೇಳುವ ಪಿಯುಕೆ ಬೇರೆ, ಫೋನಿನ ನೆಟ್‌ವರ್ಕ್ ಅನ್‌ಲಾಕ್ ಕೋಡ್ ಬೇರೆ. ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ಮೇ ಸತ್ತುಹೋಗುತ್ತದೆ.

• ರೀಸೆಟ್ ಮಾಡಿ ತೋರಿಸಿದ ಫೋನನ್ನು ‘ಕ್ಲೀನ್ ಪೀಸ್’ ಎಂದು ನಂಬುವುದು. ಮೇಲಿನ ನಾಲ್ಕು ಬೀಗಗಳಲ್ಲಿ ಒಂದೂ ರೀಸೆಟ್‌ಗೆ ಹೋಗುವುದಿಲ್ಲ.

• ಬೀಗ ಬಿಟ್ಟಿದೆ ಎಂಬುದನ್ನು ಅಂಗಡಿಯವರದೇ ಸಿಮ್‌ನಲ್ಲಿ ನೋಡಿ ಒಪ್ಪಿಕೊಳ್ಳುವುದು. ನಿಮ್ಮ ಸಿಮ್ ಹಾಕಿ, ಇನ್ನೊಂದು ಕಂಪನಿಯ ಸಿಮ್ಮನ್ನೂ ಹಾಕಿ ನೋಡಿ.

ದುಡ್ಡು ಕೊಡುವ ಮುಂಚೆ

ಇದೆಲ್ಲ ಕೈಗೆ ಬಂದುಬಿಟ್ಟ ಫೋನಿನ ಮಾತು. ಇನ್ನೂ ಕೊಳ್ಳಬೇಕಿದ್ದರೆ ಹತ್ತು ನಿಮಿಷದ ಕೆಲಸವಿದೆ, ಮಾರುವವರ ಎದುರಿಗೇ ಮಾಡಿ.

*#06# ಒತ್ತಿ ಬಂದ ಐಎಂಇಐ ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಒಂದೇ ಇದೆಯೇ ನೋಡಿ. ಬಳಿಕ ನಿಮ್ಮ ಫೋನಿನಿಂದ ಇಂಗ್ಲಿಷಿನಲ್ಲಿ ಕೆ, ವೈ, ಎಂ ಅಕ್ಷರಗಳನ್ನು ಒತ್ತಿ, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲೂ ಆ್ಯಪಿನಲ್ಲೂ ಇದೇ ಪರೀಕ್ಷೆ ಇದೆ. ಕಪ್ಪುಪಟ್ಟಿಯಲ್ಲಿದೆ, ನಕಲು, ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಚೌಕಾಸಿ ಮುಂದುವರಿಸದೆ ಎದ್ದು ಬನ್ನಿ. ಒಂದು ಎಚ್ಚರ: ಅಮೆರಿಕದ ಕಂಪನಿ ಕಪ್ಪುಪಟ್ಟಿಗೆ ಹಾಕಿದ ಫೋನು ನಮ್ಮ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳಲೇಬೇಕು ಎಂದೇನಿಲ್ಲ. ವಿದೇಶಿ ಫೋನಿಗೆ ಮೂಲ ಬಿಲ್ಲು ಕೇಳುವುದು ಅದಕ್ಕೇ.

ಇಎಂಐನಲ್ಲಿ ಕೊಂಡಿದ್ದಾರೆ ಎಂದಾದರೆ ಸಾಲ ತೀರಿದ ಪತ್ರ ಕೇಳಿ. ‘ಮುಂದಿನ ತಿಂಗಳು ಮುಗಿಯತ್ತೆ’ ಎಂದರೆ ನೀವೂ ಮುಂದಿನ ತಿಂಗಳೇ ಕೊಳ್ಳಿ. ಮಾರುವವರ ಕೈಯಲ್ಲೇ ಅವರ ಆಪಲ್ ಅಥವಾ ಗೂಗಲ್ ಖಾತೆ ತೆಗೆಸಿ, ಫೋನು ಅಳಿಸಿ, ಹೊಸದಾಗಿ ಶುರುವಾಗಿ ಮುಖ್ಯ ಪರದೆ ಬರುವವರೆಗೂ ಅಲ್ಲೇ ಇರಿ. ಕೊನೆಗೆ ಐಎಂಇಐ, ತಾರೀಖು, ಮೊತ್ತ ಬರೆದ ಒಂದು ಚೀಟಿಗೆ ಅವರ ಸಹಿ ಇರಲಿ. ಪರಿಚಯದವರ ಹತ್ತಿರ ಚೀಟಿ ಯಾಕೆ ಎಂದು ಮುಜುಗರಪಟ್ಟುಕೊಳ್ಳುವವರೇ ಹೆಚ್ಚು. ನಾಳೆ ಠಾಣೆಯಿಂದ ಕರೆ ಬಂದರೆ ನಿಮ್ಮ ಪರವಾಗಿ ಮಾತಾಡುವುದು ಆ ಚೀಟಿ.

ಕಂಪನಿಯನ್ನೂ ಬದಲಿಸುವುದಾದರೆ

ಫೋನಿನ ಜೊತೆಗೆ ಕಂಪನಿಯನ್ನೂ ಬದಲಿಸುವವರು ಕ್ರಮ ತಪ್ಪಿಸಬೇಡಿ. ಮೊದಲು ಹೊಸ ಕಂಪನಿಯ ಸಿಮ್ ಇರುವ ಯಾರನ್ನಾದರೂ ಕೇಳಿ, ಅದನ್ನು ಈ ಫೋನಿಗೆ ಹಾಕಿ ಮನೆಯೊಳಗೇ ಪರೀಕ್ಷಿಸಿ. ಆಮೇಲೆ ಪೋರ್ಟ್ ಅರ್ಜಿ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದು ನಾಲ್ಕು ದಿನ ಊರ್ಜಿತ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದು ಬದಲಿ ಪಡೆದಿದ್ದರೆ ಅದಾದ 7 ದಿನ ಕೋಡ್ ಸಿಗುವುದಿಲ್ಲ; 2024ರ ಜುಲೈನಲ್ಲಿ ಬಂದ ನಿಯಮ ಇದು. ರಾಜ್ಯದೊಳಗಿನ ಬದಲಾವಣೆಗೆ ಮೂರು ಕೆಲಸದ ದಿನ ಹಿಡಿಯುತ್ತದೆ.

ಹೊಸ ಸಿಮ್ ಜೀವ ಪಡೆಯುವ ದಿನ ಕೆಲವು ಗಂಟೆ ಎರಡೂ ಸಿಮ್ ಸುಮ್ಮನಿರುವುದುಂಟು. ಅವತ್ತು ಗ್ಯಾಸ್ ಬುಕಿಂಗ್, ರೈಲು ಟಿಕೆಟ್, ಬ್ಯಾಂಕಿನ ಓಟಿಪಿ ಬೇಕಾದ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಫೋನ್‌ಪೇ, ಗೂಗಲ್‌ಪೇಗಳು ಹೊಸ ಫೋನಿನಲ್ಲಿ ಮತ್ತೆ ನೋಂದಣಿ ಕೇಳುತ್ತವೆ, ಅದಕ್ಕೆ ಆ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು. ಆದ್ದರಿಂದ ಸಿಮ್‌ಗೆ ಎಸ್‌ಎಂಎಸ್ ಇರುವ ರೀಚಾರ್ಜ್ ಹಾಕಿಸಿ, ಎಲ್ಲ ಆ್ಯಪ್ ಚಾಲೂ ಆಗುವವರೆಗೆ ಹಳೇ ಫೋನನ್ನು ಅಳಿಸದೆ ಇಟ್ಟುಕೊಳ್ಳಿ.